ತುಟಿಯಿಲ್ಲದ ಡಬ್ಬ

ದಾವಣಗೆರೆಯ ಒಂದು ರೇಡಿಯೊ ರಿಪೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಪ್ಲೈವುಡ್ಡಿನ ಪುಡಿ ಮತ್ತು ಗೋಂದಿನ ವಾಸನೆಯ ನಡುವೆ ನಾನು ಹುಟ್ಟಿದೆ. ಹೋಂ ಥಿಯೇಟರ್ ಎಂದು ಮಾರುವ ಐದು ಸ್ಪೀಕರುಗಳ ಸೆಟ್ಟಿನಲ್ಲಿ ನಾನು ನಡುವಿನವನು. ಗುಡುಗು, ಹೊಡೆದಾಟ, ವಾದ್ಯಗಳೆಲ್ಲ ಅಣ್ಣತಮ್ಮಂದಿರ ಪಾಲು. ನನ್ನ ಪಾಲಿಗೆ ಮಾತು ಮಾತ್ರ. ಹಗುರದ ಕೆಲಸ ಸಿಕ್ಕಿತು ಎಂದುಕೊಂಡಿದ್ದೆ, ನನ್ನ ಕರ್ಮ.

ಮೊದಲು ಒಂದು ಸೀರೆ ಅಂಗಡಿಯಲ್ಲಿ ಕೂತು ದಿನವಿಡೀ ರಿಯಾಯಿತಿ ಸಾರಿದೆ. ಆ ಅಂಗಡಿ ಮುಚ್ಚಿದ ಮೇಲೆ ಕೊಟ್ರೇಶಪ್ಪನ ಮನೆಗೆ ಬಂದೆ. ಹತ್ತಿ ಗಿರಣಿಯಲ್ಲಿ ಮಗ್ಗ ನಡೆಸಿ ನಿವೃತ್ತನಾದ ಮನುಷ್ಯ. ನನ್ನನ್ನು ಟಿವಿಯ ಕೆಳಗೆ ನೆಲದ ಮೇಲಿಟ್ಟ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವನ ಒಡೆದ ಹಿಮ್ಮಡಿ, ಅವನ ಹೆಂಡತಿ ನೀಲಮ್ಮನ ಕಾಲುಂಗುರ.

ಬರಬರುತ್ತಾ ವಾಲ್ಯೂಮು ಏರತೊಡಗಿತು. "ಈ ಡಬ್ಬಕ್ಕೆ ಬಾಯೇ ಇಲ್ಲ. ಬರೀ ಗೊಣಗ್ತೈತಿ" ಎನ್ನುತ್ತಿದ್ದ. ಗೊಣಗುತ್ತಿರಲಿಲ್ಲ ಸ್ವಾಮಿ, ಅರಚುತ್ತಿದ್ದೆ. ಅರಚಿ ಅರಚಿ ನನ್ನ ಕಾಗದದ ಎದೆ ಅಂಚಿನಲ್ಲಿ ಹರಿಯಿತು. ಸಾಕಪ್ಪ ಈ ಜನ್ಮ ಅನ್ನಿಸಿಬಿಟ್ಟಿತ್ತು.

ಮಗ್ಗದ ಸದ್ದು ಅವನ ಕಿವಿಯನ್ನು ಎಂದೋ ತಿಂದುಹಾಕಿತ್ತು. ಅದು ಅವನಿಗೇ ಗೊತ್ತಿರಲಿಲ್ಲ. ಗಿರಣಿಯ ಗದ್ದಲದಲ್ಲಿ ಅವರೆಲ್ಲ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರಂತೆ. ಮನೆಯಲ್ಲೂ ಅದೇ ನಡೆದಿತ್ತು. ನೀಲಮ್ಮ ಎದುರು ನಿಂತು ಮಾತಾಡಿದರೆ ತಿಳಿಯುತ್ತಿತ್ತು, ಕನ್ನಡದ ಚಿತ್ರವೂ ತಿಳಿಯುತ್ತಿತ್ತು. ಡಬ್ಬಿಂಗ್ ಸೀರಿಯಲ್ ಬಂದರೆ ಮಾತ್ರ ತುಟಿಗೂ ಮಾತಿಗೂ ತಾಳೆಯಾಗದು. ಆಗ ಬೈಗಳು ನನಗೆ. ಅಡುಗೆಮನೆಯಿಂದ ಕೂಗಿ ಕೂಗಿ ನೀಲಮ್ಮನ ಗಂಟಲೂ ನನ್ನಂತೆಯೇ ಆಗಿತ್ತು.

ಕೊನೆಗೆ ಹೊಸ ಸೆಟ್ ಕೊಳ್ಳುವ ಯೋಚನೆ ಮಾಡಿದ. ಕೊಂಡರೆ ಲಾಭವುಂಟೋ ಇಲ್ಲವೋ ನೋಡೋಣವೆಂದು ಸ್ಪೀಕರ್ ಮಾರುವ ಅಂಗಡಿಯ ರುದ್ರಮುನಿ ಹೊಸ ಸ್ಪೀಕರೊಂದನ್ನು ತಂದು, ನನ್ನ ಪಕ್ಕದಲ್ಲಿಟ್ಟು, ಅದೇ ಡಬ್ಬಿಂಗ್ ಸೀರಿಯಲ್ ಹಾಕಿದ. ಎಂಥ ದನಿ! ನನಗೇ ನಾಚಿಕೆಯಾಯಿತು.

"ಇದೂ ಗೊಣಗ್ತೈತಲ್ಲೋ" ಎಂದ ಕೊಟ್ರೇಶಪ್ಪ.

ರುದ್ರಮುನಿ ಕಕ್ಕಾಬಿಕ್ಕಿಯಾದ. ನೀಲಮ್ಮ ಟಿವಿ ಆರಿಸಿ, ಗಂಡನ ಬೆನ್ನ ಹಿಂದೆ ಹೋಗಿ ನಿಂತಳು.

"ನಂಗೆ ಕೂಗಿ ಕೂಗಿ ಸಾಕಾಗೈತಿ" ಎಂದಳು. ಪಿಸುಮಾತಲ್ಲ, ಎಲ್ಲರೂ ಆಡುವ ದನಿಯಲ್ಲೇ.

ಕೊಟ್ರೇಶಪ್ಪನ ಪಾದ ಅಲುಗಲಿಲ್ಲ. ರುದ್ರಮುನಿಯ ಪಾದ ಮಾತ್ರ ಹಿಂದೆ ಸರಿಯಿತು. ರುದ್ರಮುನಿಯ ಮುಖ ನೋಡಿಯೇ ಇರಬೇಕು, ಕೊಟ್ರೇಶಪ್ಪ ತಿರುಗಿದ.

"ಏನಾರ ಅಂದ್ಯಾ?"

ಅವಳು ಅದೇ ಮಾತನ್ನು ಎದುರು ಬಂದು ಆಡಿದಳು. ಅವಳಿಗೆ ಅಳು ಬಂದಿತ್ತು.

ಅವನು, "ಹಂಗಾದ್ರೆ ಡಬ್ಬದ್ದು ತಪ್ಪಿಲ್ಲ" ಎಂದ. ಹೊಸ ಸ್ಪೀಕರು ವಾಪಸು ಹೋಯಿತು. ಅಬ್ಬಾ, ಗೆದ್ದೆ ಅಂದುಕೊಂಡೆ.

ಮುಂದಿನ ವಾರ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದವನೇ ನನ್ನನ್ನು ಹಚ್ಚಿದ. ಇಷ್ಟು ವರ್ಷದ ಮೇಲೆ ನನ್ನ ದನಿ ಅವನಿಗೆ ಕೇಳಿಸಲಿದೆಯೆಂದು ನನಗೆ ಎಲ್ಲಿಲ್ಲದ ಸಂಭ್ರಮ. ಅವನು ನನ್ನತ್ತ ಬಗ್ಗಿ ಮುಖ ಕಿವುಚಿದ.

"ಇದೇನೇ ಇದು, ಗೊರಗೊರ ಅಂತೈತಿ. ಇಷ್ಟು ದಿನ ಹೆಂಗೆ ತಡಕಂಡಿದ್ದೆ ನೀಲಾ?"

ಮರುದಿನವೇ ಹೊಸ ಸೆಟ್ ಬಂತು, ನಾನು ಅಟ್ಟ ಸೇರಿದೆ. ಅವನಿಗಾಗಿಯೇ ಹರಿದುಕೊಂಡ ಎದೆ, ಅವನಿಗೆ ಕೇಳಿಸಿದ ದಿನವೇ ಬೇಡವಾಯಿತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ದಣಿದಿದ್ದೆ. ಸುಮ್ಮನಿರುವುದೂ ಹಿತವಾಗಿದೆ.

ಕೆಳಗೆ ಸಂಜೆ ಹೊತ್ತು ಇಬ್ಬರೂ ಹೊಸ ಸೆಟ್ಟನ್ನೂ ಆರಿಸಿ ಮಾತಾಡುತ್ತಾ ಕೂರುತ್ತಾರೆ. ನೀಲಮ್ಮ ಈಗ ಕೂಗುವುದಿಲ್ಲ. ಏನು ಹೇಳುತ್ತಾಳೋ, ಅಟ್ಟದವರೆಗೆ ಕೇಳಿಸುವುದಿಲ್ಲ.