ಅರ್ಧ ಕ್ಷೌರ

"ಮಾತು ಕೇಳದ ನಟ ಅಂತ ಬರ್ದಿದೀಯಲ್ಲೇ! ಯಾರೇ ನಟ? ನಾನು ನಿನ್ನಪ್ಪ!"

"ಆ ಕಾಗದ ಇಲ್ಲಿ ಕೊಡಪ್ಪಾ. ಅದು ಮೇಷ್ಟ್ರಿಗೆ ಬರ್ದಿರೋದು, ನಿನಗಲ್ಲ."

"ಕಾಲೇಜೆಲ್ಲ ಓದ್ಬಹುದು, ನಾನು ಮಾತ್ರ ಓದ್ಬಾರ್ದಾ?"

ಕನ್ನಡಿಯ ಮುಂದಿನ ಹಲಗೆಯ ಮೇಲೆ, ಬ್ರಷ್ಷು ಬಾಚಣಿಗೆಗಳ ನಡುವೆ ಕಾಗದ ಇಟ್ಟವಳು ಅವಳೇ. ನನ್ನ ಸಲೂನಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದನ್ನು ನಾನು ಓದದೆ ಇನ್ಯಾರು ಓದಬೇಕು? ಮಗಳು ಸಿನಿಮಾ ತೆಗೆಯುವುದನ್ನು ಕಲಿಯುತ್ತಿದ್ದಾಳೆ. ವರ್ಷದ ಕೊನೆಗೆ ಒಂದು ಸಿನಿಮಾದ ಮೊದಲ ಎರಡು ನಿಮಿಷವನ್ನು ಮಾತ್ರ ತೆಗೆದು ಕೊಡಬೇಕು. ಜೊತೆಗೆ, ಅದರಿಂದ ಯಾವ ಕೆಲಸ ಕಲಿತೆ, ಯಾವ ಯಂತ್ರ ಕಲಿತೆ ಎಂದು ಒಂದು ಪುಟ ಬರೆದು ಕೊಡಬೇಕು. ಮುಂದಿನ ಕಥೆ ಏನೇ ಎಂದು ಕೇಳಿದರೆ, ಇಲ್ಲವಂತೆ. ಶುರು ಮಾತ್ರ. ಶುರುವಷ್ಟೇ ಇರುವ ಸಿನಿಮಾವನ್ನು ಯಾರು ನೋಡುತ್ತಾರೋ ನನಗಂತೂ ತಿಳಿಯದು. ಇವತ್ತು ಸಂಜೆ ಐದರೊಳಗೆ ಕೊಟ್ಟು ಪಾಸಾದವರಿಗೆ ಮುಂದಿನ ವರ್ಷ ಕ್ಯಾಮೆರಾ ವಿಭಾಗದಲ್ಲಿ ಜಾಗ. ಇವಳಿಗೋ ಕ್ಯಾಮೆರಾ ಬಿಟ್ಟರೆ ಜಗತ್ತಿನಲ್ಲಿ ಬೇರೆ ಏನೂ ಬೇಡ.

ಪುಟದಲ್ಲಿ ಏನೇನೋ ಇತ್ತು. ಟ್ಯೂಬ್‌ಲೈಟು ಸದಾ ಮಿಣುಕುತ್ತಿರುತ್ತದಂತೆ, ನಮ್ಮ ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದಂತೆ. ಇಪ್ಪತ್ತೆರಡು ವರ್ಷ ಆ ಲೈಟಿನ ಕೆಳಗೇ ಜನರ ಗಂಟಲ ಮೇಲೆ ಕತ್ತಿ ಆಡಿಸಿದ್ದೇನೆ, ಒಂದು ದಿನವೂ ಮಿಣುಕಿದ್ದು ಕಂಡಿಲ್ಲ. ಬಿಳಿ ಹೊದಿಕೆ ಕಟ್ಟಿ ಬೆಳಕನ್ನು ಮೆತ್ತಗೆ ಮಾಡುವುದನ್ನು ಕಲಿತೆ ಎಂದು ಬರೆದಿದ್ದಳು. ಬೆಳಕೇನು ಗಡ್ಡವೇ, ನೊರೆ ಹಚ್ಚಿ ಮೆತ್ತಗೆ ಮಾಡುವುದಕ್ಕೆ? ಕೊನೆಯ ಸಾಲು ಇದು: "ಮಾತು ಕೇಳದ ನಟರಿದ್ದರೆ ಒಂದು ಶಾಟಿಗೆ ಇನ್ನೊಂದು ಹೊಂದುವುದಿಲ್ಲ ಎಂದು ಕಲಿತೆ."

ನಡೆದದ್ದು ಇಷ್ಟೇ. ಹೋದ ವಾರ ಅಂಗಡಿಗೆ ರಜೆ ಇದ್ದ ದಿನ ನನ್ನ ಭಾಮೈದನನ್ನು ಕುರ್ಚಿಯಲ್ಲಿ ಕೂರಿಸಿದ್ದಳು. ಸಿನಿಮಾಕ್ಕೆಂದೇ ಅವನು ಒಂದು ತಿಂಗಳು ಗಡ್ಡ ಬಿಟ್ಟಿದ್ದ. "ಹುಷಾರು ಭಾವ, ಇದು ಹೀರೋ ಗಂಟಲು" ಎಂದ. "ಸುಮ್ನೆ ಕೂತ್ಕೋ, ಹೀರೋ ಕಿವಿನೂ ಇಲ್ಲೇ ಇದೆ" ಎಂದೆ. ಎಡಗೆನ್ನೆ ಮುಗಿದ ಕೂಡಲೆ ಮಗಳು "ನಿಲ್ಸಪ್ಪಾ" ಎಂದಳು. ಅರ್ಧ ಬೋಳಿಸಿದ ಮುಖವನ್ನು ಪಕ್ಕದಿಂದಲೂ ತೆಗೆಯಬೇಕಂತೆ. ನಮ್ಮ ಕಡೆ ಬೆನ್ನು ಮಾಡಿ, ಕಿಟಕಿಯ ಹತ್ತಿರ ಸ್ಟ್ಯಾಂಡು ಇಟ್ಟು ಲೆನ್ಸು ಬದಲಾಯಿಸತೊಡಗಿದಳು. ಐದು ನಿಮಿಷವಾಯಿತು, ಹತ್ತಾಯಿತು. ನೊರೆ ಒಣಗುತ್ತಿತ್ತು. ಒಣಗಿದ ನೊರೆಯ ಮೇಲೆ ಕತ್ತಿ ಹಾಕಿದರೆ ಚರ್ಮ ಕಿತ್ತು ಬರುತ್ತದೆ. ಕತ್ತಿ ಕೈಗೆ ಕೊಡುವ ದಿನ ನನ್ನಪ್ಪ ಹೇಳಿದ್ದು ಒಂದೇ ಮಾತು: "ಅರ್ಧ ಮುಖ ಬಿಟ್ಟು ನೀರು ಕುಡಿಯೋಕೂ ಹೋಗ್ಬೇಡ." ನಾನು ಬಲಗೆನ್ನೆಯನ್ನೂ ಮುಗಿಸಿದೆ. ಒರೆಸಿದೆ. ಪೌಡರನ್ನೂ ಹಾಕಿದೆ.

ಮಗಳು ಇತ್ತ ತಿರುಗಿದವಳು ಕುಸಿದು ನೆಲದ ಮೇಲೇ ಕೂತುಬಿಟ್ಟಳು.

"ನೋಡಿಲ್ಲಿ" ಎಂದು ಈಗ ಲ್ಯಾಪ್‌ಟಾಪನ್ನು ನನ್ನ ಮುಂದೆ ಹಿಡಿದಳು. ನೋಡಿದೆ. ಒಂದು ಕೈ ಕಂಡಿತು, ದಪ್ಪ ಬೆರಳು, ಉಗುರಿನ ಪಕ್ಕ ಹಳೆಯ ಗಾಯ.

"ಇದ್ಯಾರ ಕೈಯೇ?"

"ನಿನ್ದೇ ಅಪ್ಪ."

"ನನ್ನ ಕೈ ಇಷ್ಟು ದಪ್ಪ ಇಲ್ಲ."

"ಲೆನ್ಸು ಹತ್ರ ಇಟ್ರೆ ಹಾಗೇ ಕಾಣ್ಸೋದು."

ಕತ್ತಿ ಗಡ್ಡದ ಮೇಲೆ ಸರಿಯುವ ಸದ್ದು ಕೇಳಿತು. ಅದು ಮಾತ್ರ ನನ್ನದೇ ಎಂದು ಖುಷಿಪಟ್ಟರೆ, ಅದೂ ಅಲ್ಲವಂತೆ. ಮೈಕಿಗೆ ಬಿದ್ದದ್ದು ನನ್ನ ಕೆಮ್ಮು ಮಾತ್ರ. ಇದು ಇವಳು ಅಡುಗೆಮನೆಯಲ್ಲಿ ಕೂತು ರಟ್ಟಿನ ಮೇಲೆ ಚಾಕು ಉಜ್ಜಿ ಮಾಡಿದ ಸದ್ದು. ಕೈ ನನ್ನದು, ನನ್ನದರಂತಿಲ್ಲ. ಸದ್ದು ನನ್ನದಲ್ಲ, ನನ್ನದರಂತಿದೆ. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಭಾಮೈದನ ಅರ್ಧ ಗಡ್ಡ ಇದ್ದಕ್ಕಿದ್ದ ಹಾಗೆ ಮಾಯವಾಗಿ ಪೌಡರು ಹಚ್ಚಿದ ಮುಖ ಬಂತು. ಅದನ್ನು ನೋಡಿ ನನಗೇ ನಗು ಬಂತು. ಅವಳು ನಗಲಿಲ್ಲ.

"ಪಕ್ಕದಿಂದ ಎರಡು ಸೆಕೆಂಡಿನ ಅರ್ಧ ಮುಖ ಸಿಕ್ಕಿದ್ರೆ ಸಾಕಿತ್ತಪ್ಪ. ಮಾವನ ಗಡ್ಡ ಬೆಳೆಯೋಕೆ ಇನ್ನೊಂದು ತಿಂಗಳು ಬೇಕು."

ಗಂಟೆ ನಾಲ್ಕಾಗುತ್ತಿತ್ತು. ನಾನು ಕೋಪಿಷ್ಠನಿರಬಹುದು, ಕಲ್ಲಲ್ಲ. "ನನ್ನ ಗಡ್ಡ ಇದೆಯಲ್ಲ" ಎಂದೆ. "ನೊರೆ ಕೆಳಗೆ ಯಾರ ಗಡ್ಡ ಇದ್ರೇನು? ನಿಮ್ಮದೆಲ್ಲ ಹೇಗೂ ಸುಳ್ಳು ಜೋಡಿಸೋ ವಿದ್ಯೆ ತಾನೇ?"

ಅವಳ ಮುಖ ಅರಳಿದ್ದು ಕಂಡಿತು, ಬಾಡಿದ್ದೂ ಕಂಡಿತು. ಎರಡೂ ಒಂದೇ ಗಳಿಗೆಯಲ್ಲಿ ಹೇಗೆ ಆಯಿತೋ! ಕಿಟಕಿಯ ಹತ್ತಿರ ಸ್ಟ್ಯಾಂಡು ನಿಲ್ಲಿಸಿದಳು.

ಹನ್ನೊಂದು ವರ್ಷದ ಗಡ್ಡ. ನಾನೇ ಬೋಳಿಸಿಕೊಳ್ಳಲು ಪುರುಸೊತ್ತಿಲ್ಲ, ಬೇರೆಯವರ ಕೈಗೆ ಗಂಟಲು ಕೊಡುವ ಧೈರ್ಯವೂ ನನಗಿಲ್ಲ, ಅದಕ್ಕೇ ಬಿಟ್ಟದ್ದು. ಕಾಗದವನ್ನು ಹಲಗೆಯ ಮೇಲೆ ವಾಪಸಿಟ್ಟು, ಕತ್ತರಿಯಲ್ಲಿ ಗಡ್ಡ ತಗ್ಗಿಸಿ, ನೊರೆ ಹಚ್ಚಿ, ಕನ್ನಡಿ ನೋಡಿಕೊಂಡು ಎಡಗೆನ್ನೆ ಬೋಳಿಸಿದೆ. ಕೆಳಗಿನ ಚರ್ಮ ಎಳೆಮಗುವಿನದರಂತೆ ಬೆಳ್ಳಗಿತ್ತು. ಟವೆಲ್ಲು ಹೊದ್ದು ಗಿರಾಕಿಯ ಕುರ್ಚಿಯಲ್ಲಿ ಒರಗಿ ಕೂತೆ.

"ಕೈ ಕೆಳಗಿಡು. ನಾನು ಹೇಳೋವರ್ಗೂ ಅಲ್ಲಾಡ್ಬೇಡ. ಈ ಸಲನಾದ್ರೂ."

"ಆಯ್ತು ಕಣೇ."

ಅಲ್ಲಾಡಲಿಲ್ಲ. ಬಲಗೆನ್ನೆ ತುರಿಸಿತು, ಕೈ ಎತ್ತಲಿಲ್ಲ. ಕನ್ನಡಿಯಲ್ಲಿ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಕ್ಯಾಮೆರಾ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗಲಿಲ್ಲ. ಎರಡು ಸೆಕೆಂಡು ಸಾಕೆಂದಿದ್ದಳು. ಎರಡು ನಿಮಿಷವೇ ಆಗಿರಬೇಕು. "ಆಯ್ತಾ?" ಎಂದು ತುಟಿ ಅಲ್ಲಾಡಿಸದೆ ಕೇಳಿದೆ. ಸ್ಟ್ಯಾಂಡು ಮಡಚುವ ಸದ್ದು ಕೇಳಿತು. ಪಕ್ಕದಿಂದ ಕೈ ಚಾಚಿ ಹಲಗೆಯ ಮೇಲಿದ್ದ ಕಾಗದ ತೆಗೆದುಕೊಂಡಳು. ಮೂಲೆಗೆ ನೊರೆ ಮೆತ್ತಿತ್ತು, ಒರೆಸಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು.

ಶಾಟು ಸಿಕ್ಕಿ ಓಡಿದಳೋ, ಸಿಗದೆ ಎದ್ದು ಹೋದಳೋ? ಸುಳ್ಳು ಜೋಡಿಸೋ ವಿದ್ಯೆ ಅಂದದ್ದು ಚುಚ್ಚಿತೋ? ಆ ಕೊನೆಯ ಸಾಲು ಹಾಗೇ ಇದೆಯೋ, ಹೊಡೆದು ಹಾಕಿದಳೋ?

ಸ್ವಲ್ಪ ಹೊತ್ತಿಗೆ ಪಕ್ಕದ ಬೀಗ ರಿಪೇರಿಯವನು ತಲೆ ಒಳಗೆ ಹಾಕಿದ. "ಏನಣ್ಣ, ಅರ್ಧಕ್ಕೇ ಬಿಟ್ಟಿದೀಯ! ಕತ್ತಿ ಮೊಂಡಾಯ್ತಾ?"

"ಬಾಗ್ಲು ಮುಚ್ಕೊಂಡು ಹೋಗೋ. ಕೆಲಸ ನಡೀತಿದೆ."

"ಯಾವ ಕೆಲಸ?"

ನಾನು ಕತ್ತು ತಿರುಗಿಸಲಿಲ್ಲ, ಅವನು ಹೊರಟುಹೋದ. ಗೋಡೆಯ ಗಡಿಯಾರದಲ್ಲಿ ಐದಾಯಿತು. ಆರಾಯಿತು. ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ಕತ್ತಿ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಆಯಿತು ಎಂದು ಹೇಳುವುದಕ್ಕೆ ಅವಳು ವಾಪಸು ಬರಲೇ ಇಲ್ಲ.