ಕಿಟಕಿಯ ಮೇಲಿನ ಎರಡು ಲೋಟ

ಚನ್ನಗಿರಿಯ ಆ ಅಡಿಕೆ ಮಂಡಿಯ ಕಚೇರಿಯಲ್ಲಿ ಪ್ಲಾಸ್ಟಿಕ್ಕನ್ನು ಬೈಯದವರೇ ಇರಲಿಲ್ಲ. ಬೈಯುತ್ತಿದ್ದುದು ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಹೀರುತ್ತಾ. ಎದುರಿನ ಹೋಟೆಲಿನಿಂದ ಬಿಸಿ ಚಹಾ ಕವರಿನಲ್ಲಿ ಬರುತ್ತಿತ್ತು. ಕುಡಿದಾದ ಮೇಲೆ ಕವರು, ಕಪ್ಪು ಎಲ್ಲ ಹಿಂದಿನ ಚರಂಡಿಗೆ. ಚರಂಡಿ ಕಟ್ಟಿಕೊಂಡರೆ ಪುರಸಭೆಯನ್ನು ಶಪಿಸುತ್ತಿದ್ದುದೂ ಅವೇ ಬಾಯಿಗಳು.

ಬಿಳಿಚೋಡಿನಿಂದ ಬಂದು ಗುಮಾಸ್ತನಾಗಿ ಸೇರಿದ್ದ ಭೀಮೇಶನಿಗೆ ಇವರನ್ನು ಕಂಡರೆ ಮೈಯುರಿಯುತ್ತಿತ್ತು. ಆದರೂ ಒಬ್ಬೊಬ್ಬರ ಬೆನ್ನು ಹತ್ತಿ ಒಪ್ಪಿಸಿದ. ಇನ್ನು ಮೇಲೆ ಸ್ಟೀಲ್ ಲೋಟ, ಚಹಾಕ್ಕೆ ಫ್ಲಾಸ್ಕು. ಮ್ಯಾನೇಜರ್ ಓಂಕಾರಪ್ಪ ಲೋಟ ಹಿಡಿದು ಫೋಟೋ ತೆಗೆಸಿಕೊಂಡರು. ಭೂಮಿಯನ್ನು ಉಳಿಸಿ ಈಗಷ್ಟೇ ಮನೆಗೆ ಬಂದವರ ಮುಖ.

ಮರುದಿನ ಲೋಟಗಳೆಲ್ಲ ಮೇಜಿನ ಮೇಲೆ ಬೋರಲು ಕೂತಿದ್ದವು. ಎರಡು ಮಾತ್ರ ಕಿಟಕಿಯ ಮೇಲೆ, ಬುಡಕ್ಕೆ ಕೆಂಪು ಉಗುರುಬಣ್ಣದ ಚುಕ್ಕೆ ಹೊತ್ತು.

"ಇವು ಯಾರವು?" ಎಂದು ಭೀಮೇಶ ಕಸ ಗುಡಿಸುವ ಕರಿಯಕ್ಕನನ್ನು ಕೇಳಿದ.

"ಒಂದು ನಂದು, ಒಂದು ನಿಂದು ಕಣಪ್ಪ. ಕಪ್ಪಿದ್ದಾಗ ಈ ರಗಳೆ ಇರ್ಲಿಲ್ಲ. ಕುಡಿದು ಬಿಸಾಕಿದ್ರೆ ಮುಗೀತಿತ್ತು. ನೀನೇ ಮೈಮ್ಯಾಲೆ ಎಳ್ಕಂಡೆ."

ಅವನು ಯಾವ ಕೇರಿಯವನೆಂದು ಇಲ್ಲಿ ಯಾರೂ ಕೇಳಿರಲಿಲ್ಲ. ತಿಳಿದುಕೊಂಡಿದ್ದರು, ಅಷ್ಟೆ. ಸುಮ್ಮನಿದ್ದರೆ ಕಿಟಕಿಯೇ ಅವನ ಜಾಗ. ಜಗಳಕ್ಕೆ ನಿಂತರೆ ಕಪ್ಪು ವಾಪಸ್ಸು.

ಫ್ಲಾಸ್ಕು ಬಂತು. ಭೀಮೇಶ ಮೇಜಿನಿಂದ ಒಂದು ಲೋಟ ಎತ್ತಿ, ಚಹಾ ಬಗ್ಗಿಸಿಕೊಂಡು, ತುಟಿ ಹಚ್ಚಿ ಕುಡಿದ.

"ಭೀಮೇಶ್, ಅದು ನಂದು ಕಣ್ರೀ," ಎಂದರು ಓಂಕಾರಪ್ಪ.

"ಎಲ್ಲಾ ಒಂದೇ ಅಂಗಡೀವು ಅಲ್ಲೇನ್ರೀ ಸಾರ್. ತೊಳೆದು ಕೊಡ್ತೀನಿ ಬಿಡ್ರಿ."

"ಹಂಗಲ್ರೀ… ಸ್ವಚ್ಛತೆ ಅಂತ ಒಂದೈತೆ. ಈ ಲೋಟ ಗೀಟ ನಮಗೆ ಹೊಂದಾಕಿಲ್ಲ. ನಾಳೆಯಿಂದ ಕಪ್ಪೇ ತರ್ಸಾನ."

ಭೀಮೇಶನಿಗೆ ನಗು ಬಂತು. ಮೊಮ್ಮಕ್ಕಳ ಕಾಲಕ್ಕೂ ಕೊಳೆಯದ ಕಸ ಇವರಿಗೆ ಹೊಲಸಲ್ಲ. ತನ್ನ ತುಟಿ ಹೊಲಸು.

"ತರ್ಸ್ರಿ ಸಾರ್. ಯಾಕೆ ತರ್ಸಿದ್ರಿ ಅಂತ ಮಂಡಿಗೆ ಬರೋರು ಕೇಳ್ತಾರೆ. ಹೇಳಾಕೆ ನಾನಿದ್ದೀನಲ್ಲ."

ಓಂಕಾರಪ್ಪ ಫೋನು ಕಿವಿಗಿಟ್ಟುಕೊಂಡರು. ಅದು ರಿಂಗಾಗಿರಲಿಲ್ಲ.

ಕಪ್ಪು ಮತ್ತೆ ಬರಲಿಲ್ಲ. ಬದಲಿಗೆ ಕಚೇರಿಯ ಉಳಿದವರಿಗೆಲ್ಲ ಒಟ್ಟೊಟ್ಟಿಗೆ ಗ್ಯಾಸ್ಟ್ರಿಕ್ ಶುರುವಾಗಿ ಅವರು ಚಹಾ ಬಿಟ್ಟರು. ಭೀಮೇಶ, ಕರಿಯಕ್ಕ ಇಬ್ಬರೇ ಫ್ಯಾನಿನ ಕೆಳಗಿನ ಮೇಜಿಗೆ ಕೂತು, ಫ್ಲಾಸ್ಕು ಖಾಲಿಯಾಗುವವರೆಗೆ ಕುಡಿದರು.