ಈಜಿದ ಮೀನುಗಳು

ಕಂಪ್ಯೂಟರ್ ರೂಮು ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ ಎಂದು ಅಮ್ಮನಿಗೆ ನೂರು ಸಲ ಹೇಳಿದ್ದೆ. ಕೇಳಿದರೆ ತಾನೇ? ಅಕ್ಕನನ್ನು ಬೆನ್ನಿಗೆ ಹಾಕಿಕೊಂಡು, ಜಾರದಂತೆ ಶಾಲಿನಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡು, ಏದುಸಿರು ಬಿಡುತ್ತಾ ಹತ್ತಿದಳು. ಹಿಂದೆ ಗಾಲಿಕುರ್ಚಿ ಎಳೆದುಕೊಂಡು ನಾನು.

"ಪುಕ್ಕಟೆ ಸವಾರಿ ಕಣೇ ಗೊಣಗಮ್ಮಾ. ಹೊಟ್ಟೆ ಉರೀತಿದ್ಯಾ?" ಎಂದಳು ಅಕ್ಕ ಮೇಲಿನಿಂದ.

ಗೊಣಗಮ್ಮ ಅಂದರೆ ನಾನು. ಮನೆಯಲ್ಲಿ ಎಲ್ಲದಕ್ಕೂ ಎದುರು ಮಾತಾಡುವವಳು ನಾನೊಬ್ಬಳೇ, ಅದಕ್ಕೆ.

ಅಕ್ಕನಿಗೆ ಸ್ನಾಯುಗಳು ಸವೆಯುವ ಕಾಯಿಲೆ. ಮೊದಲು ಕಾಲು ಹೋಯಿತು, ಆಮೇಲೆ ಕೈ. ಈಗ ಉಸಿರಿಗೆ ಬಂದು ನಿಂತಿದೆ. ಇದಕ್ಕೆ ಔಷಧವಿಲ್ಲ, ಈ ವರ್ಷ ದಾಟುವುದು ಕಷ್ಟ ಎಂದು ಆಸ್ಪತ್ರೆಯವರು ಅಮ್ಮನನ್ನು ಹೊರಗೆ ಕರೆದು ಹೇಳಿದ್ದರು. ಒಳಗಿದ್ದ ಅಕ್ಕನಿಗೆ ಎಲ್ಲವೂ ಕೇಳಿಸಿತ್ತು. ಅದು ಅಮ್ಮನಿಗೆ ಗೊತ್ತಿಲ್ಲ.

ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ವಿನಿಮಯ ಅಂತ ಒಂದು ಕಾರ್ಯಕ್ರಮ ನಡೆಯುತ್ತದೆ. ನಾನಾ ದೇಶಗಳ ಮಕ್ಕಳು ಪರದೆಯ ಮೇಲೆ ಚೌಕ ಚೌಕವಾಗಿ ಕೂರುತ್ತೇವೆ. ವೈದ್ಯಕೀಯ ಸಂಶೋಧನೆ ಹೇಗೆ ಮಾಡುತ್ತಾರೆಂದು ಯಾವುದೋ ಪ್ರಯೋಗಾಲಯದವರು ತೋರಿಸುತ್ತಾರೆ. ಈ ಸಲ ಬರುವವರು ಅಕ್ಕನ ಕಾಯಿಲೆಯ ಮೇಲೆಯೇ ಕೆಲಸ ಮಾಡುವವರು. ಇದನ್ನು ನಮ್ಮ ವಿಜ್ಞಾನದ ಮಿಸ್ಸು, ಅಮ್ಮ ಹೊಲಿಯುವ ಅಂಗಡಿಗೆ ರವಿಕೆ ಕೊಡಲು ಬಂದಾಗ, ಅವಳ ಕಿವಿಗೆ ಹಾಕಿ ಹೋದರು. ಅಂದಿನಿಂದ ಅಮ್ಮನ ಕಾಲು ನೆಲದ ಮೇಲೆ ನಿಂತಿಲ್ಲ.

"ಅಮ್ಮಾ, ಅವರು ರೋಗಿಗಳನ್ನ ನೋಡೋರಲ್ಲ. ಮೀನು ಸಾಕ್ಕೊಂಡು ಪ್ರಯೋಗ ಮಾಡೋರು."

"ಏನಾದ್ರೂ ಮಾಡ್ಲಿ. ಇವಳನ್ನ ಕಣ್ಣಾರೆ ನೋಡಿದ್ರೆ ಏನೋ ಒಂದು ದಾರಿ ಹೇಳ್ತಾರೆ. ನೀನು ಬಾಯಿ ಮುಚ್ಕೊಂಡು ಬಾ."

ಬಾಯಿ ಮುಚ್ಚಿಕೊಂಡೇ ಬಂದೆ. ಅಮ್ಮ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಯ ಹಿಂದೆ ಶಾಲು ಮಡಚಿಟ್ಟು, ಕೂದಲು ಸರಿಮಾಡಿದಳು. ಫ್ಯಾನು ಕಿರುಗುಟ್ಟುತ್ತಿತ್ತು. ಅಂಟುಪಟ್ಟಿ ಹಚ್ಚಿ ನಿಲ್ಲಿಸಿದ್ದ ಕ್ಯಾಮೆರಾವನ್ನು ಮಿಸ್ಸು ನಮ್ಮ ಕಡೆ ತಿರುಗಿಸಿದರು.

ಪರದೆಯ ಮೇಲೆ ಮೀನಿನ ಮೇಡಂ ಬಂದರು. ಮೊದಲು ಒಂದು ವಿಡಿಯೋ ಹಾಕಿದರು. ಗಾಜಿನ ತೊಟ್ಟಿಯಲ್ಲಿ ಉಗುರಿನಷ್ಟು ಮೀನುಗಳು. ಅಕ್ಕನ ಕಾಯಿಲೆಯೇ ಅವಕ್ಕೂ. ಬಾಲ ಅಲ್ಲಾಡಿಸಲಾಗದೆ ತಳದಲ್ಲಿ ಬಿದ್ದಿದ್ದವು. ನೀರಿಗೆ ಔಷಧ ಬೆರೆಸಿದರು. ಮುಂದಿನ ದೃಶ್ಯದಲ್ಲಿ ಒಂದೊಂದಾಗಿ ಮೇಲೆದ್ದು ಸರಸರನೆ ಈಜತೊಡಗಿದವು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅದನ್ನು ನೋಡಲು ಇಂಗ್ಲಿಷ್ ಬೇಕೇ? ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೋಡ್ದೇನೇ? ಎದ್ದವಲ್ಲೇ! ಎದ್ದವು!" ಎಂದು ಅಳುತ್ತಾ ನಕ್ಕಳು.

ಮೇಡಂ ಮುಂದುವರಿಸಿದರು. ಇದೇ ಔಷಧವನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಹೃದಯ ಹಾಳಾಯಿತಂತೆ. ಕೆಲಸವನ್ನು ಅಲ್ಲಿಗೇ ಕೈಬಿಟ್ಟರಂತೆ. ಬೇರೆ ಔಷಧವೂ ಸದ್ಯಕ್ಕೆ ಕೈಯಲ್ಲಿಲ್ಲವಂತೆ. ಸಂಶೋಧನೆಯಲ್ಲಿ ಸೋಲು ಹೇಗಿರುತ್ತದೆಂದು ನಾವು ಕಲಿಯಲಿ ಎಂದೇ ಇದನ್ನು ಆರಿಸಿಕೊಂಡರಂತೆ. ಚೌಕಗಳಲ್ಲಿದ್ದ ಮಕ್ಕಳು ತಲೆಯಾಡಿಸಿ ಬರೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಕಲಿಸಲು ಬೇರೇನೂ ಸಿಗಲಿಲ್ಲವೇ ಇವರಿಗೆ?

"ಏನಂದ್ರು? ಯಾವಾಗ ಕೊಡ್ತಾರಂತೆ? ಕೇಳೇ!" ಅಮ್ಮ ಕುರ್ಚಿಯನ್ನು ತಾನೇ ಕ್ಯಾಮೆರಾದ ಹತ್ತಿರಕ್ಕೆ ದೂಡಿದಳು. "ಇವಳು ನನ್ನ ದೊಡ್ಡ ಮಗಳು ಮೇಡಂ. ಸ್ವಲ್ಪ ನೋಡಿ."

"ಅಮ್ಮಾ, ಒಂದ್ನಿಮಿಷ ಇರಿ," ಎಂದು ಮಿಸ್ಸು ಅಡ್ಡ ಬಂದು, ಮೇಡಂಗೆ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದರು. ಮೀನಿನ ಮೇಡಂ ಮುಖ ಸಣ್ಣದಾಯಿತು. ತಾನು ವೈದ್ಯೆಯಲ್ಲ, ಏನೂ ಹೇಳಲಾರೆ, ಕ್ಷಮಿಸಿ ಎಂದರು. ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಎಲ್ಲದಕ್ಕೂ ಬಾಯಿ ಹಾಕುವ ನಾನು ಬಗ್ಗಿ ಅಕ್ಕನ ಶಾಲು ಸರಿಮಾಡತೊಡಗಿದೆ.

ಆಗ ಅಕ್ಕ ಮಾತಾಡಿದಳು. ಮಲಗಿದಲ್ಲೇ ಓದಿ ಕಲಿತ ಇಂಗ್ಲಿಷ್, ಮಾತಿಗೊಮ್ಮೆ ಉಸಿರೆಳೆದುಕೊಂಡು. "ಆ ಈಜಿದ ಮೀನುಗಳು ಏನಾದವು?"

ಮೇಡಂ ಸುಳ್ಳು ಹೇಳಲಿಲ್ಲ. ಪ್ರಯೋಗ ಮುಗಿದ ಮೇಲೆ ಸ್ನಾಯುಗಳನ್ನು ಪರೀಕ್ಷಿಸಬೇಕಿತ್ತು, ಒಂದನ್ನೂ ಉಳಿಸಿಕೊಳ್ಳಲಿಲ್ಲ ಎಂದರು.

"ಏನು ಕೇಳ್ದೆ ಕಂದಾ? ಏನಂದ್ರು?"

"ಮೀನು ಈಗ ಹೇಗಿವೆ ಅಂತ ಕೇಳ್ದೆ. ಚೆನ್ನಾಗಿ ಈಜ್ಕೊಂಡಿವೆಯಂತೆ ಅಮ್ಮಾ. ಔಷಧ ಬರೋದು ಸ್ವಲ್ಪ ತಡ ಆಗುತ್ತಂತೆ, ಅಷ್ಟೇ." ಅಕ್ಕ ನನ್ನ ಕಡೆ ಕಣ್ಣು ಹೊರಳಿಸಿದಳು. "ಅಲ್ವೇನೇ ಗೊಣಗಮ್ಮಾ?"

"ಹೂಂ," ಎಂದೆ.

ಅಮ್ಮ ಪರದೆಯ ಹತ್ತಿರ ಬಗ್ಗಿ, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯೀ," ಎಂದಳು. ಮಾತು ಅರ್ಥವಾಗದ ಮೇಡಂ ಕಣ್ಣೊರೆಸಿಕೊಂಡರು.

ಇಳಿಯುವಾಗ ನಾನು ಮುಂದೆ. ಕುರ್ಚಿಯನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಹಿಮ್ಮುಖವಾಗಿ ನಡೆಯುತ್ತಿದ್ದೆ. ಅಮ್ಮನ ಬೆನ್ನ ಮೇಲೆ ಅಕ್ಕ.

"ತಡ ಆದ್ರೆ ಆಗ್ಲಿ ಬಿಡು, ಕಾಯೋಣ. ಅಲ್ಲೀವರ್ಗೂ ಚೆನ್ನಾಗಿ ತಿನ್ನು. ಎಷ್ಟು ಹಗುರ ಆಗ್ಬಿಟ್ಟಿದ್ದೀಯ!"

ಈ ಸಲ ಅಕ್ಕ ತಮಾಷೆ ಮಾಡಲಿಲ್ಲ. ಅಮ್ಮನ ಭುಜಕ್ಕೆ ಗಲ್ಲ ಆನಿಸಿದ್ದಳು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳಿಗೆ ಕೈ ಏಳುವುದಿಲ್ಲ.

"ಕುತ್ತಿಗೆ ಒದ್ದೆ ಆಯ್ತಲ್ಲ. ಬೆವರ್ತಿದ್ದೀಯೇನು ಕಂದಾ?"

"ಹೂಂ ಅಮ್ಮಾ. ಸೆಕೆ."

ಕುರ್ಚಿಯನ್ನು ಬಿಟ್ಟು ನಾನು ಒರೆಸಬಹುದಿತ್ತು. ಒರೆಸಿದ್ದರೆ ಅಮ್ಮನಿಗೆ ಗೊತ್ತಾಗಿಬಿಡುತ್ತಿತ್ತು. ಸುಮ್ಮನೆ ಮುಂದಿನ ಮೆಟ್ಟಿಲಿಗೆ ಕುರ್ಚಿ ಇಳಿಸಿದೆ.